ಸೋದರತ್ತೆಯ ಅರಿಶಿನ

ಸಾರ್ಕಾ... ಸಾರ್ಕಾಯಿ... ಆ ಕಾಯಿಲೆ ಹೆಸರು ಬಾಯಲ್ಲೇ ಅದೆ ಕಣಮ್ಮಿ, ಆಚೆಗೆ ಬರಲ್ಲ. ಹೋದ ವರ್ಷ ಆ ಡಾಕ್ಟರು ನನ್ನ ಎದೆಯ ಎಕ್ಸರೇನ ದೀಪಕ್ಕೆ ಹಿಡಿದು ಏನೋ ಅಂದ್ರಲ್ಲ, ಅದೇ ಕಾಯಿಲೆ. ಒಳಗೆಲ್ಲ ಗಂಟು ಅಂತ. ಅದು ಬಿಡು, ನೀನು ಬೆನ್ನು ಕೆರಿ. ಇನ್ನೂ ಕೆಳಕ್ಕೆ. ಆಂ... ಅಲ್ಲೇ. ಈ ಮದರಾಸಿನ ಸೊಳ್ಳೆ ಮುದುಕಿ ಅಂತಾನೂ ನೋಡಲ್ಲ.

ಯಾಕೆ ನಗ್ತೀಯ? ಕಚ್ಚಿದ ಗುರುತೇ ಇಲ್ವಾ? ಪಟ್ಟಣದ ಸೊಳ್ಳೆ ಕಣಮ್ಮಿ, ಗುರುತು ಬಿಡದಂಗೆ ಕಚ್ತವೆ.

ಮುಖಕ್ಕೆ ಅರಿಶಿನ ಜಾಸ್ತಿ ಆಯ್ತಾ? ಆಗ್ಲಿ. ಕೈ ಪಳಗಿಸ್ಕೊತಿದೀನಿ. ನಾಳೆ ರೈಲು ಹತ್ತಿ ಮೈಸೂರು, ಅಲ್ಲಿಂದ ಕೊಳ್ಳೇಗಾಲದ ಬಸ್ಸು, ನಾನೂ ನಿಮ್ಮ ತಾತನೂ. ಮಧುವನಹಳ್ಳೀಲಿ ನನ್ನ ತಮ್ಮ ಪುಟ್ಟಮಲ್ಲಪ್ಪನ ಮಗಳ ಮದುವೆ. ನಮ್ಮಲ್ಲಿ ಮದುಮಗಳ ಕೆನ್ನೆಗೆ ಮೊದಲ ಅರಿಶಿನ ಸೋದರತ್ತೆದು. ನಾನು ಓಗ್ದಿದ್ರೆ ಯಾರು ಹಚ್ತಾರೆ? ನಮ್ಮ ದೊಡ್ಡಪ್ಪನ ಮಗಳು ಚಿಕ್ಕನಿಂಗಮ್ಮ. ಬಟ್ಟಲಲ್ಲಿ ಕೈ ಅದ್ದಿಕೊಂಡೇ ಕೂತಿರ್ತಾಳೆ. ನನ್ನ ಮದುವೇಲೂ ಅವಳ ತಾಯಿ ಹಂಗೇ ಕೂತಿದ್ಳು.

ಡಾಕ್ಟರು ಹೇಳಿದ್ದು ಮರ್ತಿಲ್ಲಮ್ಮಿ. ಗಂಟು ಊದಿ ಪಿತ್ತದ ನಾಳ ಅಮುಕಿದ್ರೆ ಮೈ ಹಳದಿ ಆಯ್ತದೆ, ನವೆ ಬರ್ತದೆ, ಆಗ ಎಲ್ಲಿಗೂ ಓಗ್ಬೇಡಿ, ಆಸ್ಪತ್ರೆ ಸೇರಿ ಅಂದ್ರು. ಆದಾಗ ನೋಡಾನ.

ಕೆರಿಯೋದು ಬಿಟ್ಟು ಎಲ್ಗೋದೆ?

ಒದ್ದೆ ಟವಲ್ ಯಾಕೆ? ಅಬ್ಬ, ತಣ್ಣಗದೆ. ಮೂಗು ಬಿಡು, ಉಸಿರಾಡ್ಬೇಕು ನಾನು... ನೋಡು, ಟವಲೆಲ್ಲ ಹಳದಿ. ಅರಿಶಿನ ಅಂತ ಹೇಳ್ಲಿಲ್ವಾ?

ಇನ್ನೊಂದ್ಸಲನಾ? ಉಜ್ಜು. ಪಾತ್ರೆ ಬೆಳಗ್ದಂಗೆ ಉಜ್ಜು.

ಏನು, ಈಗ ಟವಲ್ಲಿಗೆ ಏನೂ ಬರ್ತಿಲ್ವಾ?

ಮುಖ ಇನ್ನೂ ಹಳದಿನೇ ಅದಾ?

ರೆಪ್ಪೆ ಯಾಕೆ ಬಿಡಿಸ್ತೀಯ... ಕಣ್ಣಿಗೂ ಒಂಚೂರು ಅರಿಶಿನ ಹಚ್ಕೊಂಡೆ ಅಂದ್ರೆ ನಂಬ್ತೀಯಾ?

ನಂಬಲ್ಲ ನೀನು.

ಸರಿ, ಅಳ್ಬೇಡ, ಆಸ್ಪತ್ರೆಗೇ ಓಗಾನ. ಕಾಗದ ತಕಂಡು ಬಾ. ಆ ಕಾಯಿಲೆ ಹೆಸರು ನಿಮ್ಮಪ್ಪಂಗೆ ಗೊತ್ತು, ಕೇಳಿ ಬರ್ಕೊ. ಅದರ ಕೆಳಗೆ, ಡಾಕ್ಟರ ಕಣ್ಣಿಗೆ ಬೀಳಂಗೆ ದಪ್ಪಕ್ಕೆ ಬರಿ: ಅರಿಶಿನದ ಶಾಸ್ತ್ರ ಬರೋ ಸೋಮವಾರ, ಅಷ್ಟರೊಳಗೆ ನಾಳ ಬಿಡಿಸಿ ಕಳಿಸ್ಬೇಕು.

ಚಿಕ್ಕನಿಂಗಮ್ಮನ ಹೆಸರೂ ಬರಿ. ಯಾಕೆ ಅವಸರ ಅಂತ ಡಾಕ್ಟರಿಗೂ ಗೊತ್ತಾಗ್ಲಿ.