ನೀಲವ್ವನ ಕಿಟಕಿ

ಒಂದೂರಿನಲ್ಲಿ ಒಬ್ಬ ಸಾಹುಕಾರನಿದ್ದ. ಜಿಪುಣನಲ್ಲ, ದುಷ್ಟನೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕತೆ ಮುಗಿಯುವ ಹೊತ್ತಿಗೆ ನೀವೆಲ್ಲ ಅವನನ್ನು ಬಯ್ಯಲು ಶುರು ಮಾಡುತ್ತೀರಿ. ಹೆಸರು ಅಂದಾನಪ್ಪ ಎಂದಿಟ್ಟುಕೊಳ್ಳಿ. ಬಸ್ಸುಗಳಿಗೆ ಬಾಡಿ ಕಟ್ಟುವ ದೊಡ್ಡ ಶೆಡ್ಡು ಅವನದು. ಮೂವತ್ತು ವರ್ಷ ಊರವರ ಪ್ರಯಾಣಕ್ಕೆ ಸೀಟು ಹಾಕಿಕೊಟ್ಟ. ತಾನು ಮಾತ್ರ ಎಲ್ಲಿಗೂ ಹೋಗಲಿಲ್ಲ. ಮಕ್ಕಳಿಲ್ಲ. ಮನೆಯಲ್ಲಿ ಅವನು, ಹೆಂಡತಿ ನೀಲವ್ವ, ಇಬ್ಬರೇ.

ಐವತ್ತೈದು ತುಂಬಿದ ದಿನ ಅವನಿಗೊಂದು ಆಸೆ ಹುಟ್ಟಿತು. ಒಂದು ವ್ಯಾನಿನೊಳಗೇ ಮನೆ ಕಟ್ಟಬೇಕು. ಹಾಸಿಗೆ, ಒಲೆ, ನೀರಿನ ಟಾಕಿ, ಎಲ್ಲವೂ ಅದರಲ್ಲೇ. ಇರುವ ಮನೆಯನ್ನು ಮಾರಬೇಕು. ಸಾಯುವ ತನಕ ಗಂಡ ಹೆಂಡತಿ ಅದರಲ್ಲೇ ದೇಶ ಸುತ್ತುತ್ತಾ ಇದ್ದುಬಿಡಬೇಕು.

ತಪ್ಪೇ ಇದು? ತಪ್ಪಲ್ಲ. ಆಸೆ ಪಡುವುದು ಪಾಪವಾಗಿದ್ದರೆ ನಾವು ಯಾರೂ ಇಲ್ಲಿ ಪ್ರವಚನಕ್ಕೆ ಕೂರುವಂತಿರಲಿಲ್ಲ.

ಅಂದಾನಪ್ಪ ಮನೆಯ ಪಡಸಾಲೆಯಲ್ಲೇ ಸೀಮೆಸುಣ್ಣದಿಂದ ವ್ಯಾನಿನ ಅಳತೆ ಗೀಚಿದ. ಅದರೊಳಗೆ ಅಂಗಾತ ಮಲಗಿ ನೋಡಿದ, ಕಾಲು ಚಾಚಿ ನೋಡಿದ. ಸಿಲಿಂಡರ್ ಎಲ್ಲಿಡುವುದು, ಒದ್ದೆ ಬಟ್ಟೆ ಎಲ್ಲಿ ಹರಡುವುದು, ದಾರಿಯಲ್ಲಿ ನೀರು ಮುಗಿದರೆ ಏನು ಗತಿ, ಎಲ್ಲವನ್ನೂ ನೋಟುಪುಸ್ತಕದಲ್ಲಿ ಬರೆದ. ಒಂದು ಪುಸ್ತಕ ತುಂಬಿತು, ಎರಡು ತುಂಬಿದವು. ಮೂರು ವರ್ಷ ಹೀಗೇ ನಡೆಯಿತು. ಅದರಲ್ಲಿ ಅವನು ಅತಿ ಪ್ರೀತಿಯಿಂದ ಬರೆದದ್ದು ಯಾವುದು ಗೊತ್ತೇ? ನೀಲವ್ವನ ಹಾಸಿಗೆಯ ಪಕ್ಕದ ಕಿಟಕಿ. ಬಸ್ಸಿನ ಮುಂದಿನ ಗಾಜಿನಷ್ಟು ದೊಡ್ಡ ಕಿಟಕಿ. ಅವಳು ಮಲಗಿದಲ್ಲಿಂದಲೇ ಹೊಳೆ, ಗುಡ್ಡ, ಕಡಲು ನೋಡಬೇಕು. ನೋಡಿ, ಹೆಂಡತಿಯ ಮೇಲೆ ಅಷ್ಟು ಪ್ರೀತಿ!

ಇದೇ ಹೊತ್ತಿನಲ್ಲಿ ಒಂದು ಬೆಳಗ್ಗೆ ನೀಲವ್ವ ಚಹಾ ಸೋಸುತ್ತಿದ್ದಳು. ಚಹಾ ಕಪ್ಪಿಗೆ ಬೀಳಲಿಲ್ಲ, ಪಕ್ಕದ ಕಟ್ಟೆಗೆ ಬಿತ್ತು.

"ರೀ, ಈ ಬಲಗಣ್ಣಿಗೆ ಹೊಗಿ ತುಂಬಿಧಂಗ ಆಗಾಕತ್ತೈತ್ರಿ" ಎಂದಳು.

ಅವನು ನೋಟುಪುಸ್ತಕದಿಂದ ತಲೆ ಎತ್ತಲಿಲ್ಲ. "ವಯಸ್ಸಾತಲ್ಲ, ಚಾಳೀಸು ಬಂದಿರಬೇಕು. ವ್ಯಾನ್ ಕೆಲಸ ಒಂದ್ ಹಂತಕ್ಕ ಬರ್ಲಿ, ತೋರಸೂಣಂತ."

ಕೆಲವು ತಿಂಗಳು ಕಳೆದವು. "ರೀ, ಬಾಜೂಕ ನಿಂತವ್ರು ಕಾಣವಲ್ರು" ಎಂದಳು. ಅವನು ಆಗ ಪಡಸಾಲೆಯಲ್ಲಿ ಟೇಪು ಹಿಡಿದು ಕೂತಿದ್ದ. "ತಡಿ ತಡಿ, ಅಳತಿ ತಪ್ಪತೈತಿ" ಎಂದ.

ಮೂರನೆಯ ಸಲ ಹೇಳುವಾಗ ಅವನು ಫೋನಿನಲ್ಲಿದ್ದ. ಕಿಟಕಿಯ ಗಾಜಿನ ವಿಚಾರವಾಗಿಯೇ ಯಾರೊಂದಿಗೋ ಮಾತನಾಡುತ್ತಿದ್ದ. ಸುಮ್ಮನಿರು ಎಂದು ಕೈ ಮಾಡಿದ. ಆ ಕೈಯೂ ಅವಳಿಗೆ ಕಾಣಲಿಲ್ಲ. ಆದರೆ ಅವಳು ಸುಮ್ಮನಾದಳು.

ಗಂಡನನ್ನು ಬಿಟ್ಟು ಒಬ್ಬಳೇ ಆಸ್ಪತ್ರೆಗೆ ಹೋದವಳಲ್ಲ. ಇಷ್ಟು ವರ್ಷಕ್ಕೆ ಒಂದು ಆಸೆ ಪಟ್ಟಿದ್ದಾರೆ, ನನ್ನ ಕಣ್ಣು ಅದಕ್ಕೆ ಅಡ್ಡ ಬರಬಾರದು ಎಂದುಕೊಂಡಳು. ಅಡುಗೆಮನೆಯಿಂದ ದೇವರ ಜಗಲಿಗೆ ಹನ್ನೊಂದು ಹೆಜ್ಜೆ, ಅಲ್ಲಿಂದ ಬಚ್ಚಲಿಗೆ ಒಂಬತ್ತು. ಇಪ್ಪತ್ತೆಂಟು ವರ್ಷ ಓಡಾಡಿದ ಮನೆ. ಕಾಲು ತಾನಾಗಿ ದಾರಿ ಹಿಡಿಯುತ್ತಿತ್ತು, ಉಪ್ಪಿನ ಡಬ್ಬಿಗೆ ಕೈ ತಾನಾಗಿ ಹೋಗುತ್ತಿತ್ತು. ಅವಳ ಕಣ್ಣು ಮಾಡಬೇಕಾದ ಕೆಲಸವನ್ನು ಆ ಮನೆ ಮಾಡುತ್ತಿತ್ತು. ಅಂಥ ಮನೆಯನ್ನೇ ಅವನು ಮಾರಲು ಹೊರಟಿದ್ದ.

ದೇವರು ಎಚ್ಚರಿಸಲಿಲ್ಲವೇ? ಎಚ್ಚರಿಸಿದ. ಶೆಡ್ಡಿನ ಮೇಸ್ತ್ರಿ ಮಕ್ತುಮಸಾಬನ ಬಾಯಿಂದ ಎಚ್ಚರಿಸಿದ. ನೀಲವ್ವ ವ್ಯಾನಿನ ಪರದೆಗೆ ಬಟ್ಟೆ ಆಯ್ದುಕೊಳ್ಳಲು ಶೆಡ್ಡಿಗೆ ಬಂದು ಹೋದ ಮೇಲೆ ಮೇಸ್ತ್ರಿ ಮೆಲ್ಲಗೆ ಹೇಳಿದ: "ಸಾವ್ಕಾರ್ರ, ಅವ್ವಾರ ಕಣ್ಣು ಒಂದ್ಸಲ ತೋರಸ್ರಿ. ನಾ ಬಟ್ಟಿ ಹಿಡದ್ ನಿಂತ್ರ ಅವ್ರು ಗಾಳಿಗೆ ಕೈ ಚಾಚಿದ್ರು. ಬಣ್ಣ ಯಾವ್ದು ಬೇಕ್ರಿ ಅಂದ್ರ, ಮೆತ್ತಗ ಇರೂದು ಕೊಡಪಾ ಅಂದ್ರು."

ಅಂದಾನಪ್ಪನಿಗೆ ಸಿಟ್ಟು ಬಂತು. "ನೀ ಮೊದ್ಲ ವ್ಯಾನಿನ ಬಾಗಲಾ ನೆಟ್ಟಗ ಕೂಡ್ಸು. ನನ್ನ ಹೇಣ್ತಿ ಕಣ್ಣು ನಾ ನೋಡ್ಕೋತೀನಿ."

ನೋಡಿಕೊಂಡನೇ?

ಮನೆ ಮಾರಿದರು. ಕೀಲಿಕೈ ಕೊಡುವ ದಿನ ನೀಲವ್ವ ಗೋಡೆ ಸವರುತ್ತಾ ಕೋಣೆಕೋಣೆಗೂ ಹೋಗಿ ಬಂದಳು. ಮನೆ ಬಿಡುವ ದುಃಖ ಎಂದುಕೊಂಡ ಗಂಡ, "ಅಳಬ್ಯಾಡ, ಇನ್ಮ್ಯಾಲೆ ಇಡೀ ದೇಶನ ನಮ್ಮ ಮನಿ" ಎಂದ.

ಹೊರಟ ಮೊದಲ ದಿನವೇ ವ್ಯಾನಿನ ಕಪಾಟಿನ ಮೂಲೆ ಅವಳ ಹಣೆಗೆ ಬಡಿಯಿತು. ಎರಡನೆಯ ದಿನ ರೊಟ್ಟಿ ಬಡಿಯುವಾಗ ಅಂಗೈ ಸುಟ್ಟುಕೊಂಡಳು, ಯಾಕೆಂದರೆ ಹೊಸ ಒಲೆ ಅವಳ ಕೈಗೆ ಗೊತ್ತಿದ್ದ ಜಾಗದಲ್ಲಿರಲಿಲ್ಲ. "ನೋಡ್ಕೊಂಡು ಮಾಡಾಕ ಏನಾಗೇತಿ ನಿನಗ?" ಎಂದು ಅಂದಾನಪ್ಪ ರೇಗಿದ. ಅವಳು ಅಂಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಮೂರನೆಯ ದಿನ ಸಂಜೆ ಒಂದು ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ವ್ಯಾನು ನಿಲ್ಲಿಸಿದರು. ಕಣ್ಣು ಹಾಯುವಷ್ಟು ದೂರ ನೀರು. ಸೂರ್ಯ ಆ ನೀರಿಗೆ ಇಳಿಯುತ್ತಿದ್ದ. ಇದಕ್ಕಾಗಿಯೇ ಅಲ್ಲವೇ ಮೂರು ವರ್ಷ ಕಷ್ಟಪಟ್ಟದ್ದು! ಅಂದಾನಪ್ಪ ಹೊರಗಿನಿಂದ ಗಾಜು ಸರಿಸಿ, ಪರದೆ ಸರಿಸಿ, ಕೂಗಿದ: "ನೀಲಾ, ಇಲ್ನೋಡ! ನೋಡ ಹೆಂಗೈತಿ!"

"ಎಷ್ಟ್ ಚಂದ ಐತ್ರಿ" ಎಂದಳು ನೀಲವ್ವ.

ಅವಳ ಮುಖ ಕಿಟಕಿಯ ಕಡೆಗಿರಲಿಲ್ಲ. ಎದುರಿನ ತಗಡಿನ ಕಪಾಟಿನ ಕಡೆಗಿತ್ತು. ಆ ತಗಡನ್ನು ನೋಡುತ್ತಾ ಅವಳು ನಗುತ್ತಿದ್ದಳು.

ಅಂದಾನಪ್ಪ ವ್ಯಾನಿನ ಬಾಗಿಲಿಗೆ ಓಡಿದ. ಒಳಗೆ ಬಂದು ಅವಳ ಮುಖದ ಮುಂದೆ ಕೈ ಆಡಿಸಿದ. ರೆಪ್ಪೆ ಮಿಟುಕಲಿಲ್ಲ.

"ನೀಲಾ, ಏನ್ ಕಾಣಾಕತ್ತೈತಿ ನಿನಗ?"

"ಏನೂ ಇಲ್ರಿ" ಎಂದಳು. "ನಿಮ್ಮ ದನಿ ಖುಷಿ ಇತ್ತಲ್ಲ, ಅದಕ್ಕ ಚಂದ ಐತಿ ಅಂದೆ."

ಮರುದಿನ ಹತ್ತಿರದ ಪಟ್ಟಣದ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿದರು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆ ಎಂದರು. ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿನಲ್ಲಿ ಸೂಜಿಯ ತೂತಿನಷ್ಟು ಬೆಳಕು ಉಳಿದಿದೆ, ಹೋದದ್ದು ಇನ್ನು ಬರುವುದಿಲ್ಲ. "ಎರಡು ವರ್ಷದ ಹಿಂದ ಕರ್ಕೊಂಡ್ ಬಂದಿದ್ರ ದಿನಾ ಔಷಧ ಹಾಕಿ ಬಹಳಷ್ಟು ಉಳಿಸಬಹುದಿತ್ತು" ಎಂದರು.

ಅಂದಾನಪ್ಪ ಹೆಂಡತಿಯ ಕಡೆ ತಿರುಗಿ ಕೂಗಿಯೇಬಿಟ್ಟ: "ಬಾಯಿ ಇರ್ಲಿಲ್ಲೇನ ನಿನಗ? ಹೇಳಬೇಕಿಲ್ಲ ನನಗ?"

ನೀಲವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ಹೇಳಿದ್ನೆಲ್ರಿ" ಎಂದಳು. "ಮೂರು ಸಲ ಹೇಳಿದೆ."

ಅವನಿಗೆ ಒಂದು ಸಲವೂ ನೆನಪಾಗಲಿಲ್ಲ. ಕೇಳಿಸಿಕೊಳ್ಳದ ಮಾತು ನೆನಪಿಗೆ ಎಲ್ಲಿಂದ ಬರಬೇಕು?

ಊರಿಗೆ ಮರಳಿದರು. ಹಳೆಯ ಮನೆಯನ್ನು ಹೇಗಾದರೂ ತಿರುಗಿ ಪಡೆಯೋಣವೆಂದು ಅಂದಾನಪ್ಪ ಓಡಿದ. ಕೊಂಡವರು ಒಳಗಿನ ಗೋಡೆಗಳನ್ನು ಆಗಲೇ ಕೆಡವಿದ್ದರು. ಹನ್ನೊಂದು ಹೆಜ್ಜೆಯೂ ಇಲ್ಲ, ಒಂಬತ್ತು ಹೆಜ್ಜೆಯೂ ಇಲ್ಲ. ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಬೆಳಗ್ಗೆ ಸಂಜೆ ಅವನೇ ಅವಳ ಕಣ್ಣಿಗೆ ಔಷಧ ಹಾಕಿದ, ಒಂದು ಹೊತ್ತೂ ತಪ್ಪಿಸಲಿಲ್ಲ. ಆದರೂ ಉಳಿದಿದ್ದ ಬೆಳಕು ವರ್ಷ ತುಂಬುವ ಮೊದಲೇ ಆರಿತು. ನೀಲವ್ವ ಗೋಡೆ ಹಿಡಿದು ನಿಂತು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು: "ಬಾಗಲಾ ಯಾ ಕಡೆ ಐತ್ರಿ?" ಹತ್ತು ಸಲವೂ ಅವನು ಎದ್ದು ಹೋಗಿ ಕೈ ಹಿಡಿಯುತ್ತಿದ್ದ. ಈಗ ಅವಳ ಒಂದು ಮಾತೂ ಅವನ ಕಿವಿ ತಪ್ಪುವುದಿಲ್ಲ. ಈಗ!

ನಿಮಗೆ ಸಿಟ್ಟು ಬಂದಿದೆ. ಎಂಥ ಗಂಡನಪ್ಪ ಎನ್ನುತ್ತಿದ್ದೀರಿ. ಅವನನ್ನು ಬಿಡಿ. ಅವನ ಶಿಕ್ಷೆ ಅವನು ಉಣ್ಣುತ್ತಿದ್ದಾನೆ. ನಿಮ್ಮ ಮಾತು ಹೇಳಿ. ನಿಮ್ಮ ಮನೆಯಲ್ಲಿ ವ್ಯಾನು ಕಟ್ಟುತ್ತಿಲ್ಲ, ನಿಜ. ಮಹಡಿ ಕಟ್ಟುತ್ತಿದ್ದೀರಿ. ಮಗಳ ಮದುವೆ ಮಾಡುತ್ತಿದ್ದೀರಿ. ಹೊಸ ಅಂಗಡಿ ತೆರೆಯುತ್ತಿದ್ದೀರಿ. ಎಲ್ಲವೂ ಮನೆಯವರಿಗಾಗಿಯೇ, ಅಲ್ಲವೇ? ಆ ಮನೆಯವರು ಮೊನ್ನೆ ಊಟ ಬಡಿಸುವಾಗ ಏನೋ ಹೇಳಲು ಬಂದರು. ಏನದು? ನೆನಪಿದೆಯೇ? "ಆಮೇಲೆ ನೋಡೋಣ" ಎಂದು ನೀವು ಹೇಳಿದ್ದು ನೆನಪಿರಬಹುದು. ಅವರು ಹೇಳಿದ್ದು?

ತಾಯಂದಿರೇ, ನಿಮಗೂ ಒಂದು ಮಾತು. ನೋವನ್ನು ನುಂಗಿ ಕೂರುವುದು ಪುಣ್ಯವಲ್ಲ. ಗಂಡ ಕೇಳಿಸಿಕೊಳ್ಳದಿದ್ದರೆ ತಂಗಿಗೆ ಹೇಳಿ, ಪಕ್ಕದ ಮನೆಯವಳಿಗೆ ಹೇಳಿ, ಅವಳನ್ನು ಕರೆದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿ.

ಇನ್ನು ಗಂಡಸರಿಗೆ. ನಾಳೆಯಿಂದ ಮನೆಯಲ್ಲಿ ಯಾರಾದರೂ ಮಾತು ತೆಗೆದರೆ ಕೈಯಲ್ಲಿದ್ದದ್ದನ್ನು ಕೆಳಗಿಡಿ, ಫೋನಾಗಲಿ, ಲೆಕ್ಕದ ಪುಸ್ತಕವಾಗಲಿ. ಮುಖ ತಿರುಗಿಸಿ ಕೇಳಿ. ನೋವು ಎಂದರೆ ಅದೇ ವಾರ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಮದುವೆ ಮುಗಿಯಲಿ ಎನ್ನಬೇಡಿ, ಸುಗ್ಗಿ ಮುಗಿಯಲಿ ಎನ್ನಬೇಡಿ.

ನಾಳೆಯ ತನಕ ಯಾಕೆ? ನಿಮ್ಮಲ್ಲಿ ಬಹಳ ಜನರ ಮನೆಯವರು ಇಲ್ಲೇ ಆಚೆ ಸಾಲಿನಲ್ಲಿ ಕೂತಿದ್ದಾರೆ. ನನಗೆ ಇನ್ನೂ ಅರ್ಧ ಗಂಟೆಯ ಸಮಯವಿದೆ. ಅದನ್ನು ನಿಮಗೆ ಬಿಟ್ಟುಕೊಟ್ಟು ನಾನು ಸುಮ್ಮನಾಗುತ್ತೇನೆ. ಎದ್ದು ಹೋಗಿ, ಅವರ ಪಕ್ಕ ಕೂತು, ಕೇಳಿ.