ಬೆಚ್ಚುವ ಕಾವಲುಗಾರ

ಗೋದಾಮಿನ ಕಚೇರಿಯ ಹೊರಗೆ, ಕಾವಲುಗಾರನ ಕೆಲಸ ಕೇಳಲು ಬಂದವನೊಬ್ಬ ತನ್ನ ಭಾವನೊಂದಿಗೆ ನನ್ನ ಪಕ್ಕ ಬೆಂಚಿನಲ್ಲಿ ಕೂತಿದ್ದ. ಹಳೆಯ ಯಜಮಾನರ ಶಿಫಾರಸು ಪತ್ರ ಭಾವನ ಕೈಯಲ್ಲಿತ್ತು.

“ಭಾವ, ಅದೇನೋ ‘ಸ್ಕಿಟಿಶ್’ ಅಂತ ಬರೆದಿದ್ದಾರಲ್ಲ, ಹಾಗಂದ್ರೇನು?”

“ಸಣ್ಣ ಸದ್ದಿಗೂ ಬೆಚ್ಚಿಬೀಳೋನು ಅಂತ. ಹೆಚ್ಚಾಗಿ ಕುದುರೆಗೆ ಹೇಳೋ ಮಾತು.”

“ಅಯ್ಯೋ! ಕೆಲಸ ಹೋಯ್ತು ಬಿಡಿ.”

“ಯಾಕೋ? ನೀನು ಡ್ಯೂಟೀಲಿ ನಿದ್ದೆ ಮಾಡಿದ್ದುಂಟಾ?”

“ಭಯಕ್ಕೆ ನಿದ್ದೆ ಎಲ್ಲಿ ಬರುತ್ತೆ? ಆರು ವರ್ಷ ಕಣ್ಣೇ ಮುಚ್ಚಿಲ್ಲ.”

“ಇಲಿ ಓಡಿದ್ರೆ?”

“ಬೀದಿಗೆ ಬೀದಿನೇ ಏಳೋ ಹಾಗೆ ಕಿರುಚ್ತೀನಿ.”

“ಮತ್ತೆ? ಇವರಿಗೆ ಬೇಕಾಗಿರೋದು ಅದೇ ತಾನೆ? ನಿನ್ನ ಹೊಗಳಿದ್ದಾರೆ ಕಣೋ!”

ಜವಾನ ದಡಾರನೆ ಬಾಗಿಲು ತೆಗೆದು “ಮುಂದಿನವರು!” ಎಂದ. ಇವನು ಚಂಗನೆ ಹಾರಿ ಭಾವನ ತೊಡೆ ಏರಿದ.

“ಭೇಷ್!” ಭಾವ ಬೆನ್ನು ತಟ್ಟಿ ಇಳಿಸಿದ. “ಒಳಗೂ ಹೀಗೇ ಹಾರು.”

“ಯಾರ ತೊಡೆಗೆ, ಭಾವ?” ಎಂದು ಕೇಳುತ್ತಲೇ ಅವನು ಒಳಗೆ ಹೋದ.