ರೊಸ್ಮಿರಾಳ ಗಾಣ ನಿಲ್ಲುವ ಹೊತ್ತು

ನಾನು ಪುಕ್ಕಲ ಅಲ್ಲ. ಕೌಕಾ ನದಿ ತುಂಬಿ ಹರಿಯುವಾಗ ಈಜಿ ದಾಟಿದವನು, ಬೇಕಾದರೆ ಊರಲ್ಲಿ ಕೇಳಿ. ಆದರೆ ಇದು... ನನ್ನ ಚಿಕ್ಕಪ್ಪನ ಮಗ ಅರ್ಸೇಸಿಯೊಗೆ ಆದದ್ದು, ನನ್ನ ಕಣ್ಣೆದುರೇ.

ಅವತ್ತು ರಾತ್ರಿ ಸೈಬಾ ಮರದ ಕೆಳಗಿಂದ ಅವನ ಹೇಸರಗತ್ತೆ ಹೊಡಕೊಂಡು ಬೆಟ್ಟದ ಮೇಲಿನ ವಿಧವೆ ರೊಸ್ಮಿರಾಳ ಆಲೆಮನೆಗೆ ಹೊರಟಿದ್ದೆವು. ಅವಳ ಗಂಡ ಹೆನಾರೊ ಗಾಣಕ್ಕೆ ಕಬ್ಬು ಕೊಡುವಾಗ ಉರುಳೆಗೆ ಕೈ ಸಿಕ್ಕಿ ಸತ್ತಿದ್ದ. ಆಮೇಲೆ ಅವರ ಮುದಿ ಹೇಸರಗತ್ತೆ ದಿನಾ ರಾತ್ರಿ ಅವನು ಸತ್ತ ಹೊತ್ತಿಗೇ ನಿಂತುಬಿಡುತ್ತಿತ್ತು. ಮೋಡ ಇರಲಿ, ಕಣ್ಣಿಗೆ ಬಟ್ಟೆ ಕಟ್ಟಿರಲಿ... ಹೊಡೆದರೂ ಹೆಜ್ಜೆ ಕೀಳದು. ಕಡಿದ ಕಬ್ಬು ಹುಳಿಯಾಗುತ್ತಿತ್ತು.

ಮೇವಿನ ಹೊತ್ತು ನೆನಪಿಟ್ಟ ಹಾಗೆ ಇದನ್ನೂ ನೆನಪಿಟ್ಟಿದೆ, ಹೆನಾರೊನ ಮುಖ ನೋಡದ ಪ್ರಾಣಿ ಕಟ್ಟಿದರೆ ಮುಗೀತು ಅಂತ ಅರ್ಸೇಸಿಯೊ ಹೇಳಿದ.

ರೊಸ್ಮಿರಾ ಬಿಸಿ ಬೆಲ್ಲದ ನೀರು ಕೊಟ್ಟಳು. "ಆ ಹೊತ್ತಿಗೆ ಗಾಣದಿಂದ ಕೈ ತೆಗಿ, ಮಗಾ."

"ಯಾಕಮ್ಮಾ, ನಿಮ್ಮ ಯಜಮಾನರು ಪಾಳಿ ಕೇಳ್ತಾರಾ?"

ಅವಳು ಕಡಾಯಿಯ ಕಡೆ ಹೋದಳು.

ಗಾಣ ತಿರುಗಿತು. ಕಿರ್ರ್... ಕಿರ್ರ್... ಕಬ್ಬು ಚಟಚಟ ಸೀಳುತ್ತಿತ್ತು, ರಸ ತೊಟ್ಟಿಗೆ ಗುಳುಗುಳು ಇಳಿಯುತ್ತಿತ್ತು. ನಾನು ಹೇಸರಗತ್ತೆಯ ಹಿಂದೆ, ಅವನು ಉರುಳೆಯ ಮುಂದೆ. ಇದ್ದಕ್ಕಿದ್ದಂತೆ ಕಪ್ಪೆಗಳೆಲ್ಲ ಸುಮ್ಮನಾದವು...

ಹೇಸರಗತ್ತೆ ನಿಂತಿತು.

ನಮ್ಮದು. ಆ ಬೆಟ್ಟ ಹತ್ತಿದ್ದೇ ಅವತ್ತು ಮೊದಲ ಸಲ.

ಚಾಟಿ ಎತ್ತಿದೆ. ಅರ್ಸೇಸಿಯೊ ಪಿಸುಗುಟ್ಟಿದ, "ಹೊಡೀಬೇಡ ಕಣೋ... ನನ್ನ ಕೈ."

ಅವನ ಕೆಂಪು ಅಂಗಿಯ ತೋಳು ಉರುಳೆಗಳ ನಡುವೆ ಸಿಕ್ಕಿತ್ತು. ಬೆರಳು ಕಬ್ಬಿಣಕ್ಕೆ ಒತ್ತಿಕೊಂಡಿದ್ದವು. ಇನ್ನೊಂದು ಹೆಜ್ಜೆ ಬಿದ್ದಿದ್ದರೆ...

ಆಗ ಕತ್ತಲಲ್ಲಿ ಯಾರೋ ನಾಲಿಗೆಯಲ್ಲಿ ಲೊಟಕೆ ಹಾಕಿದರು. ಟಕ್... ಟಕ್... 'ನಡೆ' ಅನ್ನುವ ಸದ್ದು. ನಾನಲ್ಲ. ಅವನೂ ಅಲ್ಲ. ಹೇಸರಗತ್ತೆಯ ಕಿವಿ ನಿಮಿರಿತು. ಮುಂಗಾಲು ಎತ್ತಿತು.

"ಸ್ವಲ್ಪ ತಡೀರಿ," ಅಂದಳು ರೊಸ್ಮಿರಾ, ಕಡಾಯಿಯ ಹತ್ತಿರದಿಂದ, ಆ ಕತ್ತಲ ಕಡೆ ತಿರುಗಿ, ಮೆಲ್ಲಗೆ. "ಈ ಹುಡುಗ ಬೇರೆಯವರ ಮಗ."

ಗೊರಸು ಗಾಳಿಯಲ್ಲೇ ನಿಂತಿತು.

ಗಾಣದ ಪಕ್ಕ ಇಂಥದ್ದಕ್ಕೇ ಅಂತ ಮಚ್ಚು ನೇತುಹಾಕಿರುತ್ತಾರೆ. ಕಿತ್ತುಕೊಂಡು, ಅಂಗಿಯ ತೋಳನ್ನು ಭುಜದ ಹತ್ತಿರ ಸರ್ರನೆ ಸೀಳಿದೆ. ಅವನು ಕೈ ಬಿಡಿಸಿಕೊಂಡು ಹಿಂದಕ್ಕೆ ಬಿದ್ದ. ಗೊರಸು ಊರಿತು. ಗಾಣ ತಿರುಗಿ ಬಟ್ಟೆ ಒಳಗೆ ಹೋಯಿತು.

ಬೆಳಗ್ಗೆ ಸಿಪ್ಪೆಯ ರಾಶಿಯನ್ನೆಲ್ಲ ನಾನೇ ಕೆದಕಿದೆ. ತೊಟ್ಟಿ ಬಸಿಸಿದೆ, ಉರುಳೆ ಬಿಚ್ಚಿಸಿದೆ. ಒಳಗೆ ಹೋದ ಬಟ್ಟೆ ಆಚೆ ಬಂದಿರಲಿಲ್ಲ... ಒಂದು ಕೆಂಪು ಎಳೆಯೂ ಇಲ್ಲ. ನಂಬೋದಾದರೆ ನಂಬಿ. ಆ ಅಂಗಿ ಇವತ್ತಿಗೂ ಚಿಕ್ಕಪ್ಪನ ಮನೆಯಲ್ಲಿದೆ, ಒಂದೇ ತೋಳಿನದು.